ಚೌಡಯ್ಯನವರ ನಾದ ಬೇಕಾದವರಿಗೆ: ಪಿಟೀಲಿನ ತಂತಿ, ಶ್ರುತಿ, ಕಮಾನು

ಕರ್ನಾಟಕ ಸಂಗೀತದ ಪಿಟೀಲು ವಿದ್ವಾಂಸ ತಿರುಮಕೂಡಲು ಚೌಡಯ್ಯ ಎಂದೊಡನೆ ಎಲ್ಲರಿಗೂ ನೆನಪಾಗುವುದು ಏಳು ತಂತಿಯ ಪಿಟೀಲು. ಅವರ ಹಳೆಯ ಧ್ವನಿಮುದ್ರಿಕೆ ಕೇಳಿ ಮರುಳಾದ ವಿದ್ಯಾರ್ಥಿಗೂ ಮೊದಲು ಹೊಳೆಯುವುದು ಅದೇ: ನಾನೂ ಮೂರು ತಂತಿ ಹೆಚ್ಚಿಗೆ ಹಾಕಿಸಿಕೊಂಡರೆ ಹೇಗೆ? ಹಾಗೆ ಹಾಕಿಸಿಕೊಂಡ ವಾದ್ಯ ಬಹುಬೇಗ ಪೆಟ್ಟಿಗೆ ಸೇರುತ್ತದೆ. ಆ ತುಂಬು ನಾದದ ಬಹುಪಾಲು ನಾಲ್ಕು ತಂತಿಯಲ್ಲೇ ಸಿಗುತ್ತದೆ. ಸಿಗದಿದ್ದರೆ ಅದಕ್ಕೆ ಕಾರಣ ತಂತಿಯ ದಪ್ಪ, ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ನಿಂತ ರೀತಿ, ಶ್ರುತಿ ಅಥವಾ ಕಮಾನು, ಈ ನಾಲ್ಕರಲ್ಲೇ ಎಲ್ಲೋ ಇರುತ್ತದೆ.

ಅವರು ಏಳು ತಂತಿಗೆ ಹೋದದ್ದು ಏಕೆ ಎಂಬುದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಚೌಡಯ್ಯ ಹುಟ್ಟಿದ್ದು 1895ರಲ್ಲಿ, ಮೈಸೂರು ಜಿಲ್ಲೆಯ ತಿ. ನರಸೀಪುರದ ಬಳಿ, ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲಿನಲ್ಲಿ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ 1910ರಿಂದ 1918ರವರೆಗೆ ಗುರುಕುಲವಾಸ. ಕೃಷ್ಣಪ್ಪನವರು ಸ್ವತಃ ಗಾಯಕರು. ಶಿಷ್ಯನ ಪಿಟೀಲು ಕೊನೆಯವರೆಗೂ ಕಂಠದ ಜಾಡಿನಲ್ಲೇ ನಡೆದದ್ದಕ್ಕೆ ಇದೂ ಒಂದು ಕಾರಣ. ಆಗಿನ ಕಛೇರಿಗಳಿಗೆ ಮೈಕು ಬಂದಿರಲಿಲ್ಲ. ಗಟ್ಟಿ ಕಂಠದ ಹಾಡುಗಾರ, ಮೃದಂಗ, ಕೆಲವೊಮ್ಮೆ ಜೊತೆಗೆ ಘಟ. ಇಷ್ಟರ ನಡುವೆ ಪಿಟೀಲಿನ ದನಿ ಹಿಂದಿನ ಸಾಲಿಗೆ ಮುಟ್ಟಬೇಕಿತ್ತು. 1920ರ ದಶಕದಲ್ಲಿ ಅವರು ಮೂರು ತಂತಿ ಸೇರಿಸಿದ್ದು ಆ ತೊಂದರೆಗೆ ಕಂಡುಕೊಂಡ ಉತ್ತರ. ಆಕ್ಷೇಪಗಳು ಬಂದರೂ ಅವರು ಅದನ್ನು ಬಿಡಲಿಲ್ಲ. ಚೆಂಬೈ ವೈದ್ಯನಾಥ ಭಾಗವತರಂಥ ಘನ ಕಂಠದ ಗಾಯಕರ ಪಕ್ಕದಲ್ಲಿ ಕೂತು ಸಭೆ ತುಂಬಿಸಿದರು. 1939ರಲ್ಲಿ ಮೈಸೂರಿನ ಆಸ್ಥಾನ ವಿದ್ವಾಂಸರಾದರು, 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಪಡೆದರು.

ಇವತ್ತು ದನಿ ಮುಟ್ಟಿಸುವ ಕೆಲಸವನ್ನು ಮೈಕು ಮಾಡುತ್ತದೆ. ಆದರೆ ಬಡಕಲು ನಾದವನ್ನು ಮೈಕು ತುಂಬು ನಾದ ಮಾಡಲಾರದು. ಬಡಕಲನ್ನೇ ಜೋರಾಗಿ ಕೇಳಿಸುತ್ತದೆ, ಅಷ್ಟೆ.

ಹೆಚ್ಚುವರಿ ತಂತಿ ಏಕೆ ಬೇಡ

ಮಾಮೂಲು ಪಾಶ್ಚಾತ್ಯ ಶ್ರುತಿಯಲ್ಲಿ ಪಿಟೀಲಿನ ನಾಲ್ಕು ತಂತಿಗಳ ಒಟ್ಟು ಎಳೆತ ಸುಮಾರು 20ರಿಂದ 25 ಕೆ.ಜಿ. ಅದರಲ್ಲಿ 8ರಿಂದ 10 ಕೆ.ಜಿ.ಯಷ್ಟು ಭಾರ ಕುದುರೆಯ ಮೂಲಕ ಮೇಲುಹಲಗೆಯ ಮೇಲೆ ಬೀಳುತ್ತದೆ. ಹಲಗೆಯ ದಪ್ಪವೋ ಮೂರು ಮಿ.ಮೀ. ಆಸುಪಾಸು. ಅದೇ ಬಿಗಿತದ ಇನ್ನೂ ಮೂರು ತಂತಿ ಕಟ್ಟಿದರೆ ಭಾರ ಮುಕ್ಕಾಲು ಪಾಲು ಏರುತ್ತದೆ. ಅದನ್ನು ತಡೆಯಲು ಹಲಗೆಗೆ ಒಳಗಿನಿಂದ ಅಂಟಿಸಿದ ಪಟ್ಟಿ (ಬಾಸ್ ಬಾರ್), ಕುದುರೆ, ತಂತಿಗಳ ಬುಡ ಹಿಡಿಯುವ ಟೇಲ್ ಪೀಸ್, ತಂತಿ ಬಿಗಿಯುವ ಬಿರಡೆಗಳ ಪೆಟ್ಟಿಗೆ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿ ಕೂಡಿಸಬೇಕು. ಸಾಮಾನ್ಯ ಪಿಟೀಲಿಗೆ ಮೂರು ಬಿರಡೆ ತೂತು ಕೊರೆಸಿದರೆ ಕೆಲವು ತಿಂಗಳಲ್ಲಿ ಕುದುರೆಯ ಎಡಗಾಲಿನ ಬಳಿ ಹಲಗೆ ತಗ್ಗಬಹುದು.

ನುಡಿಸುವ ಕಷ್ಟ ಬೇರೆ. ಹೆಚ್ಚುವರಿ ತಂತಿ ಮೂಲ ತಂತಿಯ ಪಕ್ಕದಲ್ಲೇ ಜೋಡಿಯಾಗಿ ಕೂರುತ್ತದೆ. ಆ ಜೋಡಿಯ ಮೇಲೆ ಬೆರಳು ಎರಡನ್ನೂ ಒಂದೇ ಜಾಗದಲ್ಲಿ ಒತ್ತಬೇಕು. ತುದಿ ಒಂಚೂರು ವಾಲಿದರೂ ಎರಡು ಸ್ವರ ಕೇಳುತ್ತವೆ. 261.6 ಹರ್ಟ್ಸ್‌ಗೆ ಒಂದು ತಂತಿ, 262.6ಕ್ಕೆ ಇನ್ನೊಂದು ನಿಂತರೆ ಸೆಕೆಂಡಿಗೆ ಒಂದು ಸಲ ನಾದ ಉಬ್ಬಿ ಇಳಿಯುತ್ತದೆ. ಉದ್ದನೆಯ ಷಡ್ಜದಲ್ಲಿ ಅದು ಬಚ್ಚಿಡಲಾಗದ ದೋಷ. ಚೌಡಯ್ಯ ಇದನ್ನು ನಿಭಾಯಿಸಿದ್ದು ಕೈಯ ಸಾಧನೆಯಿಂದ. ಆ ಸಾಧನೆಯಾದ ಮೇಲೆ ಬೇಕಾದರೆ ತಂತಿ ಹೆಚ್ಚಿಸಬಹುದು. ಮೊದಲೇ ಹೆಚ್ಚಿಸಿ ಆಮೇಲೆ ಸಾಧಿಸುತ್ತೇನೆ ಅಂದರೆ ನಡೆಯುವುದಿಲ್ಲ.

ಶ್ರುತಿಗೆ ತಕ್ಕ ತಂತಿ

ಹೆಚ್ಚಿನವರು ಎಡವುವುದು ಇಲ್ಲೇ. ಪೊಟ್ಟಣದಲ್ಲಿ ಬರುವ ಜಿ, ಡಿ, ಎ, ಇ ತಂತಿಗಳನ್ನು ಪಾಶ್ಚಾತ್ಯ ಶ್ರುತಿಗೆಂದೇ ಮಾಡಿರುತ್ತಾರೆ. ನಮ್ಮದು ನಾಲ್ಕನೆಯ, ಅಂದರೆ ಅತಿ ದಪ್ಪದ, ತಂತಿಯಿಂದ ಮೇಲಕ್ಕೆ ಸ–ಪ–ಸ–ಪ (ಷಡ್ಜ, ಪಂಚಮ). ಷಡ್ಜ ಯಾವ ಮನೆಯಲ್ಲಿದೆ (ಹಾರ್ಮೋನಿಯಂ ಕೀಲಿಯ ಲೆಕ್ಕ: ಸಿ ಒಂದು ಮನೆ, ಜಿ ಐದು ಮನೆ) ಎಂಬುದರ ಮೇಲೆ ತಂತಿಯ ಬಿಗಿತ ಹೆಚ್ಚುಕಮ್ಮಿಯಾಗುತ್ತದೆ. ಒಂದೇ ತಂತಿಯಲ್ಲಿ ಬಿಗಿತವು ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುವುದರಿಂದ, ಶ್ರುತಿ ಸ್ವಲ್ಪ ಇಳಿದರೂ ಬಿಗಿತ ಬಹಳ ಇಳಿಯುತ್ತದೆ.

ಐದು ಮನೆ ಶ್ರುತಿ, ಅಂದರೆ ಸಾಮಾನ್ಯವಾಗಿ ಹೆಣ್ಣುಕಂಠದ ಶ್ರುತಿ, ತೆಗೆದುಕೊಳ್ಳಿ. ಷಡ್ಜ ಜಿ. ನಾಲ್ಕನೆಯ, ಮೂರನೆಯ ತಂತಿಗಳು ತಮ್ಮ ಸಹಜ ಸ್ಥಾನದಲ್ಲೇ ಇರುತ್ತವೆ. ಎ ತಂತಿ ಜಿಗೆ, ಇ ತಂತಿ ಡಿಗೆ ಇಳಿಯುತ್ತವೆ. ಎರಡರ ಬಿಗಿತವೂ ಸುಮಾರು 79 ಪ್ರತಿಶತ ಉಳಿಯುತ್ತದೆ. ತೊಂದರೆಯಿಲ್ಲ, ಮಾಮೂಲು ಪೊಟ್ಟಣವೇ ಸಾಕು. ಐದೂವರೆ ಮನೆಗೆ ಏರಿಸಿದರೆ ಕೆಳಗಿನ ಎರಡು ತಂತಿಗಳ ಬಿಗಿತ 12 ಪ್ರತಿಶತ ಹೆಚ್ಚುತ್ತದೆ, ತಡೆದುಕೊಳ್ಳುತ್ತವೆ. ಆರು ಮನೆಗೆ ಹೋದರೆ 26 ಪ್ರತಿಶತ. ಅಷ್ಟು ಬಿಗಿಯಲ್ಲಿ ವಾದ್ಯವನ್ನು ದಿನಗಟ್ಟಲೆ ಇಡಬಾರದು. ನುಡಿಸಿ ಮುಗಿದ ಮೇಲೆ ಇಳಿಸಿ, ಇಲ್ಲವೇ ತೆಳು ತಂತಿ ಹಾಕಿ.

ಗಂಡುಕಂಠದ ಒಂದು ಮನೆಗೆ ಬಂದರೆ ಕಥೆಯೇ ಬೇರೆ. ಷಡ್ಜ ಸಿ. ಅದೇ ಪೊಟ್ಟಣದ ತಂತಿಗಳಲ್ಲಿ ಕೆಳಗಿನ ಎರಡರ ಬಿಗಿತ 45 ಪ್ರತಿಶತಕ್ಕೆ, ಮೇಲಿನ ಎರಡರದು 35 ಪ್ರತಿಶತಕ್ಕೆ ಕುಸಿಯುತ್ತದೆ. ತಂತಿ ಜೋತು ಬೀಳುತ್ತದೆ, ಬೆರಳೊತ್ತುವ ಪಟ್ಟಿಗೆ (ಫಿಂಗರ್ ಬೋರ್ಡ್) ತಗುಲಿ ಗರಗರ ಅನ್ನುತ್ತದೆ. ಕಮಾನು ಒತ್ತಿದರೆ ಸ್ವರ ಕೆಳಕ್ಕೆ ಜಾರುತ್ತದೆ. ಬೆರಳು ಗಟ್ಟಿ ಒತ್ತಿದರೆ ಮೇಲಕ್ಕೆ ಏರುತ್ತದೆ. ಗಮಕ (ಸ್ವರದ ತೂಗಾಟ) ಎಲ್ಲಿ ನಿಲ್ಲುತ್ತದೆ ಎಂಬ ಭರವಸೆಯೇ ಇರುವುದಿಲ್ಲ. ವಿದ್ಯಾರ್ಥಿಗೆ ಸ್ವರಸ್ಥಾನವೇ ಬರುವುದಿಲ್ಲ ಎಂದು ಬೈಯುವ ಮುನ್ನ ಅವನ ತಂತಿ ನೋಡಬೇಕು.

ಪರಿಹಾರ ಕಷ್ಟದ್ದಲ್ಲ, ತಂತಿಗಳನ್ನು ಒಂದೊಂದು ಜಾಗ ಜರುಗಿಸಬೇಕು. ಮೊದಲ ತಂತಿಯ ಜಾಗಕ್ಕೆ ಎ, ಎರಡನೆಯದಕ್ಕೆ ಡಿ, ಮೂರನೆಯದಕ್ಕೆ ಜಿ, ನಾಲ್ಕನೆಯದಕ್ಕೆ ಪಿಟೀಲಿನ ಅಳತೆಯಲ್ಲೇ ಸಿಗುವ ಸಿ ತಂತಿ (ಐದು ತಂತಿಯ ಪಿಟೀಲಿಗೆಂದು ಮಾರುತ್ತಾರೆ). ಈಗ ಮೇಲಿನ ಎರಡು 79 ಪ್ರತಿಶತ, ಕೆಳಗಿನ ಎರಡು ಪೂರ್ತಿ ಬಿಗಿ. ವಯೋಲಾಕ್ಕೆ ಕೊಡುವ ತಂತಿಯನ್ನು ಕತ್ತರಿಸಿ ಹಾಕಬೇಡಿ. ಸುತ್ತಿದ ತಂತಿಯನ್ನು ತಪ್ಪು ಜಾಗದಲ್ಲಿ ಕತ್ತರಿಸಿದರೆ ಸುತ್ತು ಬಿಚ್ಚಿಕೊಳ್ಳುತ್ತದೆ.

ಎರಡೂವರೆ ಮನೆಯಂಥ ನಡುವಣ ಶ್ರುತಿಗೆ ಬೆರಕೆಯೇ ಒಳ್ಳೆಯದು. ಮಾಮೂಲು ಪೊಟ್ಟಣದಲ್ಲಿ ಮೇಲಿನ ಎರಡರ ಬಿಗಿತ ಸರಿಯಾಗಿ ಅರ್ಧಕ್ಕೆ ಇಳಿಯುತ್ತದೆ, ಸಾಲದು. ಪೂರ್ತಿ ಜರುಗಿಸಿದರೆ ಕೆಳಗಿನ ಎರಡು 40 ಪ್ರತಿಶತ ಹೆಚ್ಚು ಬಿಗಿಯಾಗುತ್ತವೆ, ಅದು ಅತಿ. ಹಾಗಾಗಿ ಮೇಲಿನ ಎರಡಕ್ಕೆ ಎ ಮತ್ತು ಡಿ, ಕೆಳಗಿನ ಎರಡಕ್ಕೆ ಇನ್ನೊಂದು ಡಿ (ಸಿಕ್ಕರೆ ದಪ್ಪದ್ದು) ಮತ್ತು ಜಿ.

ತಂತಿ ಬದಲಿಸುವಾಗ ಒಂದು ಬಿಚ್ಚಿ ಒಂದು ಹಾಕಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಕುದುರೆ ಬೀಳುತ್ತದೆ, ಒಳಗಿನ ಸೌಂಡ್ ಪೋಸ್ಟೂ (ಹಲಗೆಗಳ ನಡುವೆ ನಿಂತ ಕಂಬ) ಬೀಳಬಹುದು. ಅದನ್ನು ಎತ್ತಿ ನಿಲ್ಲಿಸುವುದು ವಾದ್ಯ ರಿಪೇರಿಯವರ ಕೆಲಸ. ದಪ್ಪ ತಂತಿ ಹಾಕಿದಾಗ ಕುದುರೆಯ ಮತ್ತು ಮೇಲಿನ ನಟ್‌ನ (ಬಿರಡೆ ಪೆಟ್ಟಿಗೆಯ ಬಳಿ ತಂತಿ ಹಾಯುವ ಸಣ್ಣ ಅಡ್ಡಪಟ್ಟಿ) ಗೀರುಗಳನ್ನು ನೋಡಿಕೊಳ್ಳಿ. ತಂತಿಯ ದಪ್ಪದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಗೀರಿನೊಳಗೆ ಕೂರಬೇಕು. ಕಿರಿದಾದ ಗೀರಿನಲ್ಲಿ ಸಿಕ್ಕಿಕೊಂಡರೆ ಬಿರಡೆ ತಿರುಗಿಸಿದಾಗ ಶ್ರುತಿ ಏರುವುದೇ ಇಲ್ಲ, ಆಮೇಲೆ ಟಕ್ಕೆಂದು ಹಾರುತ್ತದೆ. ಪೆನ್ಸಿಲಿನ ಸೀಸವನ್ನು ಗೀರಿಗೆ ಉಜ್ಜಿದರೆ ಜಾರಿಕೆ ಬರುತ್ತದೆ.

ಕುದುರೆ ಮತ್ತು ಒಳಗಿನ ಕಂಬ

ಕುದುರೆಯ ಕಾಲುಗಳು ಎಫ್ ಆಕಾರದ ತೂತುಗಳ ಒಳಗಡೆಯ ಕಚ್ಚುಗಳಿಗೆ ನೇರವಾಗಿ ಕೂರಬೇಕು. ಪೂರ್ಣ ಅಳತೆಯ ಪಿಟೀಲಿನಲ್ಲಿ ನಟ್‌ನಿಂದ ಕುದುರೆಯವರೆಗೆ ತಂತಿ ಸುಮಾರು 325ರಿಂದ 328 ಮಿ.ಮೀ. ಕುದುರೆಯ ಹಿಂಬದಿ, ಅಂದರೆ ಟೇಲ್ ಪೀಸ್ ಕಡೆಯ ಮುಖ, ಹಲಗೆಗೆ ಲಂಬವಾಗಿರಬೇಕು. ಬಿರಡೆ ತಿರುಗಿಸಿದಾಗಲೆಲ್ಲ ಅದರ ತಲೆ ನಟ್ ಕಡೆಗೆ ವಾಲುತ್ತದೆ. ವಾರಕ್ಕೊಮ್ಮೆ ಪಕ್ಕದಿಂದ ನೋಡಿ, ವಾಲಿದ್ದರೆ ತಂತಿ ಸ್ವಲ್ಪ ಸಡಿಲಿಸಿ, ಎರಡೂ ಕೈಯ ಹೆಬ್ಬೆರಳು ತೋರುಬೆರಳುಗಳಲ್ಲಿ ಹಿಡಿದು ನೆಟ್ಟಗೆ ಮಾಡಿ. ವಾಲಿದ್ದನ್ನು ಹಾಗೇ ಬಿಟ್ಟರೆ ಕುದುರೆ ಬಗ್ಗಿಹೋಗುತ್ತದೆ, ಒಂದು ದಿನ ಕಛೇರಿಯ ನಡುವೆ ಮಗುಚುತ್ತದೆ.

ಫಿಂಗರ್ ಬೋರ್ಡಿನ ತುದಿಯಲ್ಲಿ ತಂತಿಯ ಎತ್ತರ ಮಾಮೂಲಾಗಿ ಮೊದಲ ತಂತಿಗೆ 3ರಿಂದ 3.5 ಮಿ.ಮೀ., ನಾಲ್ಕನೆಯದಕ್ಕೆ 5ರಿಂದ 5.5. ಕೆಳಗಿನ ಶ್ರುತಿಗೆ ಮೊದಲ ತಂತಿಯನ್ನು ಅರ್ಧ ಮಿ.ಮೀ. ಏರಿಸಿದರೆ ಗರಗರ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಏರಿಸಿದರೆ ಜಾರು (ಸ್ವರದಿಂದ ಸ್ವರಕ್ಕೆ ಬೆರಳು ಜಾರಿಸುವ ಗಮಕ) ಎಳೆಯುವಾಗ ಬೆರಳು ಸೋಲುತ್ತದೆ.

ಸೌಂಡ್ ಪೋಸ್ಟ್ ಇರುವುದು ಕುದುರೆಯ ಬಲಗಾಲಿನ ಹಿಂದೆ, ಎರಡು ಮೂರು ಮಿ.ಮೀ. ಅಂತರದಲ್ಲಿ. ಅದನ್ನು ಅರ್ಧ ಮಿ.ಮೀ. ಸರಿಸಿದರೂ ವಾದ್ಯದ ದನಿ ಬದಲಾಗುತ್ತದೆ. ಕಾಲಿಗೆ ಹತ್ತಿರ ತಂದರೆ ದನಿ ಚೂಪು, ದೂರ ಮಾಡಿದರೆ ಮೃದು. ಮೂರನೆಯ, ನಾಲ್ಕನೆಯ ತಂತಿ ಮಂಕಾಗಿ ಕೇಳಿದರೆ ಮೊದಲು ಹೊಸ ತಂತಿ ಹಾಕಿ ನೋಡಿ, ಆಮೇಲೆ ಸೌಂಡ್ ಪೋಸ್ಟ್ ಸರಿಸಲು ಹೇಳಿ. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ಶ್ರುತಿ ಕೂಡಿಸುವ ಕ್ರಮ

ತಂಬೂರಿ ಅಥವಾ ಶ್ರುತಿ ಪೆಟ್ಟಿಗೆ ಹಾಕಿ, ಮೊದಲು ಎರಡನೆಯ ತಂತಿಯ ಮಧ್ಯಷಡ್ಜ. ಆಮೇಲೆ ನಾಲ್ಕನೆಯದರ ಮಂದ್ರಷಡ್ಜ, ನಂತರ ಮೂರನೆಯ ಮತ್ತು ಮೊದಲ ತಂತಿಯ ಪಂಚಮಗಳು. ಒಂದು ಸುತ್ತು ಮುಗಿದ ಮೇಲೆ ಎರಡನೆಯ ತಂತಿಗೆ ವಾಪಸ್ ಬನ್ನಿ. ಉಳಿದವುಗಳ ಎಳೆತದಿಂದ ಅದು ಖಂಡಿತ ಸ್ವಲ್ಪ ಇಳಿದಿರುತ್ತದೆ. ಹೊಸ ತಂತಿಯಾದರೆ ಈ ಸುತ್ತು ನಾಲ್ಕೈದು ಸಲ ಬೇಕಾಗುತ್ತದೆ.

ಮೊಬೈಲಿನ ಟ್ಯೂನರ್ ಷಡ್ಜಕ್ಕೆ ಪರವಾಗಿಲ್ಲ, ಪಂಚಮಕ್ಕೆ ಬೇಡ. ಅದು ತೋರಿಸುವ ಪಂಚಮ 700 ಸೆಂಟ್ (ಒಂದು ಸೆಂಟ್ ಅಂದರೆ ಒಂದು ಸ್ಥಾಯಿಯ 1200ನೇ ಒಂದು ಪಾಲು), ತಂಬೂರಿಯ ಶುದ್ಧ ಪಂಚಮ 702. ಎರಡು ಸೆಂಟ್ ಏನು ಮಹಾ ಎನಿಸಬಹುದು. ಎರಡು ತಂತಿಯನ್ನು ಒಟ್ಟಿಗೆ ಕಮಾನಿನಲ್ಲಿ ಮೀಟಿ, ನಿಧಾನವಾದ ಅಲೆ ಕೇಳಿದರೆ ಅದೇ ಆ ಎರಡು ಸೆಂಟ್. ಅಲೆ ನಿಲ್ಲುವವರೆಗೆ ಟೇಲ್ ಪೀಸಿನ ಮೇಲಿನ ಸಣ್ಣ ತಿರುಪು (ಫೈನ್ ಟ್ಯೂನರ್) ತಿರುಗಿಸಿ. ಕೂಡಿಸುವಾಗ ಕಮಾನು ಹಗುರವಾಗಿರಲಿ. ಒತ್ತಿ ಕೂಡಿಸಿದ ಶ್ರುತಿ ಹಗುರವಾಗಿ ನುಡಿಸಿದಾಗ ಏರಿ ಕೇಳುತ್ತದೆ.

ಬಿರಡೆ ಜಾರುತ್ತಿದ್ದರೆ ತಿರುಗಿಸುವುದರ ಜೊತೆಗೇ ಒಳಕ್ಕೆ ಒತ್ತಬೇಕು. ತಂತಿಯ ಸುತ್ತುಗಳು ಬಿರಡೆ ಪೆಟ್ಟಿಗೆಯ ಗೋಡೆಯ ಕಡೆಗೆ ಸಾಲಾಗಿ ಬಂದರೆ ಅವೇ ಬಿರಡೆಯನ್ನು ಒಳಕ್ಕೆ ಎಳೆದು ಹಿಡಿಯುತ್ತವೆ. ಒಂದರ ಮೇಲೊಂದು ಅಡ್ಡಾದಿಡ್ಡಿ ಸುತ್ತಿದರೆ ಜಾರುತ್ತಲೇ ಇರುತ್ತದೆ. ಅದಕ್ಕೂ ಬಗ್ಗದಿದ್ದರೆ ಸೀಮೆಸುಣ್ಣ. ತೀರಾ ಬಿಗಿಯಾಗಿದ್ದರೆ ಒಣ ಸಾಬೂನು.

ಕಮಾನು

ಚೌಡಯ್ಯನವರ ಧ್ವನಿಮುದ್ರಿಕೆಗಳಲ್ಲಿ ಗಮನಿಸಬೇಕಾದದ್ದು ಉದ್ದ ಕಮಾನು. ಒಂದು ಎಳೆತದಲ್ಲಿ ಇಡೀ ಸಂಚಾರ (ರಾಗದ ಒಂದು ಸ್ವರಗುಚ್ಛ) ಬರುತ್ತದೆ. ನಾದ ನಡುವೆ ಬತ್ತುವುದಿಲ್ಲ, ತುದಿಯಲ್ಲಿ ತೆಳುವಾಗುವುದಿಲ್ಲ. ಇದನ್ನು ಕಲಿಯಲು ಅಡ್ಡದಾರಿಯಿಲ್ಲ, ಆದರೆ ಲೆಕ್ಕವಿದೆ. ಕಮಾನಿನ ಕೂದಲಿನ ಉದ್ದ ಸುಮಾರು 65 ಸೆಂ.ಮೀ. ಮೆಟ್ರೊನೋಮ್ 60ಕ್ಕೆ ಇಟ್ಟು, ಬೆರಳಿಡದ ಬಿಡಿ ತಂತಿಯ ಮೇಲೆ ಪೂರ್ತಿ ಕಮಾನನ್ನು ಎರಡು ಎಣಿಕೆಗೆ, ನಾಲ್ಕು ಎಣಿಕೆಗೆ, ಎಂಟಕ್ಕೆ ಎಳೆಯಿರಿ. ಎಂಟಕ್ಕೆ ಎಳೆದಾಗ ಕೈ ಸೆಕೆಂಡಿಗೆ 8 ಸೆಂ.ಮೀ. ಮಾತ್ರ ಚಲಿಸುತ್ತದೆ. ಆ ವೇಗದಲ್ಲೂ ನಾದ ಒಂದೇ ಸಮ ಇದ್ದರೆ 12ಕ್ಕೆ ಹೋಗಿ. ಹಿಡಿಯ ಬಳಿ ಕಮಾನು ತಾನಾಗಿಯೇ ಭಾರ, ತುದಿಯ ಬಳಿ ಹಗುರ. ಆದ್ದರಿಂದ ತುದಿಗೆ ಹೋಗುತ್ತಾ ತೋರುಬೆರಳಿನ ಒತ್ತಡ ಹೆಚ್ಚಬೇಕು, ಹಿಡಿಗೆ ಬರುತ್ತಾ ಕಿರುಬೆರಳು ಭಾರ ಹೊರಬೇಕು. ಎಷ್ಟೋ ವರ್ಷ ಕಲಿತವರ ಕೈಯಲ್ಲೂ ತುದಿಯ ಕೊನೆಯ 10 ಸೆಂ.ಮೀ. ಕೆಲಸಕ್ಕೇ ಬರುವುದಿಲ್ಲ.

ದಪ್ಪ ತಂತಿ ಮಾತಾಡಲು ತಡ ಮಾಡುತ್ತದೆ. ಮಂದ್ರದಲ್ಲಿ ಎಳೆತ ಶುರು ಮಾಡುವ ಮೊದಲು ಕಮಾನನ್ನು ತಂತಿಯ ಮೇಲೆ ಕೂರಿಸಿ, ಹಿಡಿತ ಸಿಕ್ಕ ಮೇಲೆ ಎಳೆಯಿರಿ. ಗಾಳಿಯಿಂದ ಇಳಿಸಿದರೆ ಮೊದಲು ಕೀರಲು ಕೇಳಿ ಆಮೇಲೆ ಸ್ವರ ಬರುತ್ತದೆ. ಕುದುರೆಗೂ ಫಿಂಗರ್ ಬೋರ್ಡಿಗೂ ನಡುಮಧ್ಯದಿಂದ ಶುರು ಮಾಡಿ. ನಾದ ಗಟ್ಟಿ ಬೇಕಾದರೆ ಕುದುರೆಯ ಕಡೆಗೆ ಸರಿದು ವೇಗ ಇಳಿಸಿ, ಒತ್ತಡ ಏರಿಸಿ. ಒತ್ತಡವನ್ನಷ್ಟೇ ಏರಿಸಿದರೆ ತಂತಿ ಉಸಿರುಗಟ್ಟುತ್ತದೆ.

ಕಮಾನು ಬಿಗಿ ಮಾಡಿದಾಗ ನಡುವೆ ಕೂದಲಿಗೂ ಕೋಲಿಗೂ ಒಂದು ಪೆನ್ಸಿಲಿನಷ್ಟು ಜಾಗ ಸಾಕು. ರೋಸಿನ್ (ಕೂದಲಿಗೆ ಹಚ್ಚುವ ರಾಳ) ನಾಲ್ಕೈದು ಉದ್ದ ಎಳೆತ. ಪ್ರತಿ ಸಲ ಪುಡಿ ಹಾರುವಷ್ಟು ಹಚ್ಚಿದರೆ ನಾದ ಒರಟಾಗುತ್ತದೆ, ಹಲಗೆಯ ಮೇಲೆ ಬಿಳಿ ಪದರ ಕೂರುತ್ತದೆ. ಅದನ್ನು ಒಣ ಬಟ್ಟೆಯಲ್ಲಿ ಒರೆಸಿ, ಸ್ಪಿರಿಟ್ ತಾಕಿಸಬೇಡಿ, ವಾರ್ನಿಷ್ ಏಳುತ್ತದೆ. ಜಾರಿಕೆಗೆಂದು ಎಡಗೈ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚುವವರು ತುದಿಗೆ ಮಾತ್ರ, ಒರೆಸಿ ಉಳಿದಷ್ಟು ಮಾತ್ರ ಹಚ್ಚಬೇಕು. ಎಣ್ಣೆ ಕಮಾನು ಆಡುವ ಜಾಗಕ್ಕೆ ಹೋದರೆ ಅಲ್ಲಿ ಕೂದಲು ಜಾರುತ್ತದೆ, ಎಷ್ಟು ರೋಸಿನ್ ಹಚ್ಚಿದರೂ ಹಿಡಿಯುವುದಿಲ್ಲ. ಕೂದಲನ್ನೇ ಬದಲಿಸಬೇಕಾಗುತ್ತದೆ.

ಇವೆಲ್ಲಕ್ಕೂ ಕೂರುವ ಭಂಗಿ ಆಧಾರ. ಚಕ್ಕಳಮಕ್ಕಳ ಹಾಕಿ, ಬಲಗಾಲನ್ನು ಸ್ವಲ್ಪ ಮುಂದೆ ಚಾಚಿ, ಪಿಟೀಲಿನ ಸುರುಳಿ ತಲೆಯನ್ನು ಬಲಪಾದದ ಗಿಣ್ಣಿನ ಬಳಿ ಊರಿ, ಬುಡವನ್ನು ಎದೆಗೆ ಆನಿಸಬೇಕು. ವಾದ್ಯದ ಭಾರ ಎಡಗೈಗೆ ಬೀಳಲೇಬಾರದು. ಬಿದ್ದರೆ ಹೆಬ್ಬೆರಳು ಕುತ್ತಿಗೆಯನ್ನು ಹಿಚುಕಿ ಹಿಡಿಯುತ್ತದೆ, ಜಾರು ಅಲ್ಲೇ ಸತ್ತಿತು. ಪರೀಕ್ಷೆ ಇಷ್ಟೇ: ಎಡಗೈ ಬಿಟ್ಟರೂ ವಾದ್ಯ ನಿಲ್ಲಬೇಕು.

ಹಳೆಯ ಧ್ವನಿಮುದ್ರಿಕೆಯಿಂದ ಕಲಿಯುವುದು

ಹಳೆಯ ತಟ್ಟೆ, ಟೇಪುಗಳಿಂದ ಇಳಿಸಿದ ಧ್ವನಿಯ ವೇಗ ಎಷ್ಟೋ ಸಲ ಹೆಚ್ಚುಕಮ್ಮಿ ಇರುತ್ತದೆ. ಮೊದಲು ತಂಬೂರಿಯ ಷಡ್ಜ ಹುಡುಕಿ. ಅದು ಎರಡು ಮನೆಗಳ ನಡುವೆ ಎಲ್ಲೋ ನಿಂತರೆ ಹತ್ತಿರದ ಮನೆಗೆ ಸರಿಪಡಿಸಿಕೊಳ್ಳಿ. ಇಲ್ಲದಿದ್ದರೆ ಜೊತೆಗೆ ನುಡಿಸಿ ನೋಡಲು ಆಗುವುದಿಲ್ಲ. ಆಮೇಲೆ ಅರ್ಧ ನಿಮಿಷದ ಒಂದು ತುಣುಕು ಆರಿಸಿ, ಸ್ಥಾಯಿ ಬದಲಾಗದಂತೆ ವೇಗವನ್ನು 60 ಪ್ರತಿಶತಕ್ಕೆ ಇಳಿಸಿ. ಮೊದಲ ಸಲ ಸ್ವರ ಬರೆಯಬೇಡಿ. ಕಮಾನು ತಿರುಗುವ ಜಾಗಗಳನ್ನಷ್ಟೇ ಗುರುತು ಹಾಕಿ. ಎರಡನೆಯ ಸಲ ಸ್ವರ, ಮೂರನೆಯ ಸಲ ಗಮಕ. ಕಮಾನಿನ ಗುರುತು ಮೊದಲೇ ಇದ್ದರೆ ಸಂಚಾರದ ಉಸಿರು ಎಲ್ಲಿದೆ ಎಂಬುದು ತಾನಾಗಿ ತಿಳಿಯುತ್ತದೆ. ಇದೆಲ್ಲಕ್ಕೂ ಮುಂಚೆ ಆ ತುಣುಕನ್ನು ಬಾಯಲ್ಲಿ ಹಾಡಲು ಬರಬೇಕು. ಹಾಡಲು ಬಾರದ್ದನ್ನು ಈ ಬಾನಿಯಲ್ಲಿ ನುಡಿಸಲೂ ಬಾರದು.

ಚೌಡಯ್ಯನವರು ತ್ರಿಮಕುಟ ಎಂಬ ಅಂಕಿತದಲ್ಲಿ ಕೃತಿಗಳನ್ನೂ ರಚಿಸಿದ್ದಾರೆ. ಕೃತಿಯ ಪಾಠ ಗುರುಮುಖದಿಂದ ಸಿಕ್ಕರೆ ಧ್ವನಿಮುದ್ರಿಕೆಗಿಂತ ಅದೇ ಒಳ್ಳೆಯ ದಾರಿ.

ಪಕ್ಕವಾದ್ಯಕ್ಕೆ ಕೂತಾಗ

ಒಂದು ಮನೆ ಶ್ರುತಿಯ ಗಂಡುಕಂಠದ ಮಧ್ಯಷಡ್ಜ 130.8 ಹರ್ಟ್ಸ್. ಪಿಟೀಲಿನ ಎರಡನೆಯ ತಂತಿಯ ಷಡ್ಜ 261.6. ಅಂದರೆ ಮೇಲಿನ ತಂತಿಗಳಲ್ಲೇ ಅನುಸರಿಸಿದರೆ ನೀವು ಹಾಡುಗಾರರಿಗಿಂತ ಇಡೀ ಒಂದು ಸ್ಥಾಯಿ ಮೇಲಿರುತ್ತೀರಿ. ಆಗ ದನಿ ಎದ್ದು ಕೇಳುತ್ತದೆ, ಜೊತೆಗೂಡುವುದಿಲ್ಲ. ವಿಳಂಬ ಕೃತಿಯ ಪಲ್ಲವಿ, ಆಲಾಪನೆಯ ಆರಂಭಗಳಲ್ಲಿ ಮೂರು, ನಾಲ್ಕನೆಯ ತಂತಿಗೆ ಇಳಿದರೆ ಕಂಠದ ಸ್ಥಾಯಿಯಲ್ಲೇ ಸೇರಿಕೊಳ್ಳಬಹುದು. ತುಂಬು ನಾದ ಅನ್ನುವುದರಲ್ಲಿ ಅರ್ಧ ಭಾಗ ಇದೇ, ಮತ್ತು ದಪ್ಪ ತಂತಿಗೆ ಪಟ್ಟ ಪಾಡು ಸಾರ್ಥಕವಾಗುವುದೂ ಇಲ್ಲೇ. ಹಾಡುಗಾರರು ತಾರಕ್ಕೆ ಏರಿದಾಗ ನೀವೂ ಮೇಲಿನ ತಂತಿಗೆ ಬನ್ನಿ.

ಆಲಾಪನೆಯಲ್ಲಿ ಅವರು ಇನ್ನೂ ಮುಟ್ಟದ ಸ್ವರವನ್ನು ನೀವು ಮುಟ್ಟಬಾರದು. ಒಂದು ಹೆಜ್ಜೆ ಹಿಂದೆ, ಅರ್ಧ ದನಿಯಲ್ಲಿ ನೆರಳಾಗಿ ಬನ್ನಿ; ಅವರು ಉಸಿರೆಳೆಯುವ ಜಾಗದಲ್ಲಿ ಮಾತ್ರ ನಾದ ತುಂಬಿ. ನಿಮ್ಮ ಸರದಿಯ ಆಲಾಪನೆ ಅವರದರ ಅರ್ಧದಷ್ಟಿದ್ದರೆ ಸಾಕು. ಕಲ್ಪನಾಸ್ವರದಲ್ಲಿ (ಅಲ್ಲೇ ಹೆಣೆದು ಹಾಡುವ ಸ್ವರಗಳು) ಎತ್ತುಗಡೆ, ಅಂದರೆ ಸಾಲು ಮತ್ತೆ ಶುರುವಾಗುವ ತಾಳದ ಜಾಗ, ತಪ್ಪುವುದು ಬಹುತೇಕ ಲೆಕ್ಕ ಬಾರದ್ದರಿಂದ ಅಲ್ಲ, ಅವರ ಕೊನೆಯ ಆವರ್ತ ಮುಗಿಯುವ ಮೊದಲೇ ಉತ್ತರ ಹೆಣೆಯಲು ಶುರು ಮಾಡಿ ಕಿವಿ ಮುಚ್ಚಿಕೊಳ್ಳುವುದರಿಂದ.

ಮೈಕನ್ನು ಕುದುರೆಯಿಂದ 20–30 ಸೆಂ.ಮೀ. ದೂರದಲ್ಲಿ, ಕಮಾನು ತಾಗದಂತೆ, ಎಫ್ ತೂತಿನ ಕಡೆಗೆ ಓರೆಯಾಗಿ ಇಡಿಸಿ. ಕುದುರೆಗೆ ಕಚ್ಚಿಸುವ ಪಿಕಪ್‌ನಲ್ಲಿ ಕಮಾನಿನ ಕೆರೆತ ಹೆಚ್ಚು ಕೇಳುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಧ್ವನಿವರ್ಧಕದವರಿಗೆ ಟ್ರೆಬಲ್ ಇಳಿಸಲು ಹೇಳಿ. ಎದುರಿನ ಮಾನಿಟರಿನಲ್ಲಿ ತಂಬೂರಿ ಮತ್ತು ಹಾಡುಗಾರರ ದನಿ ಬೇಕು, ನಿಮ್ಮ ಪಿಟೀಲು ಬೇಡ. ಅದನ್ನು ಅಲ್ಲಿಂದ ತೆಗೆಸಿದರೆ ಕಮಾನು ಎಷ್ಟು ಒತ್ತುತ್ತಿದ್ದೀರಿ ಎಂಬುದು ವಾದ್ಯದಿಂದಲೇ ನೇರವಾಗಿ ಕೇಳುತ್ತದೆ.